ಬಿಪಿಗೆ ಯಾವ ಮಾತ್ರೆ, ಯಾರಿಗೆ? ಹೆಣ್ಣು-ಗಂಡು ಹಾರ್ಮೋನುಗಳ ಲೆಕ್ಕ ಹಿಡಿದು ಒಂದು ಹೋಲಿಕೆ

ಐವತ್ತೆರಡರ ಗಂಡ, ನಲವತ್ತೆಂಟರ ಹೆಂಡತಿ. ಇಬ್ಬರಿಗೂ ಬಿಪಿ 150/96. ಇಬ್ಬರ ಚೀಟಿಯಲ್ಲೂ ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್. ಒಂದೇ ಸ್ಟ್ರಿಪ್ ತಂದು ಇಬ್ಬರೂ ಹಂಚಿಕೊಂಡು ನುಂಗುವ ಮನೆಗಳು ಎಷ್ಟೋ ಇವೆ, ಇಬ್ಬರಿಗೂ ಬಿಪಿ ಇಳಿಯುವುದೂ ನಿಜ. ಆದರೆ ಅದೇ ಅಮ್ಲೋಡಿಪಿನ್‌ನಿಂದ ಹೆಂಡತಿಯ ಪಾದ ಊದಿಕೊಳ್ಳುವ ಸಾಧ್ಯತೆ ಗಂಡನಿಗಿಂತ ಬಹಳ ಹೆಚ್ಚು. ಅದೇ ಟೆಲ್ಮಿಸಾರ್ಟಾನನ್ನು ಅವರ ಇಪ್ಪತ್ತಾರರ ಮಗಳು ನುಂಗುತ್ತಿದ್ದು ಬಸಿರಾದರೆ ಹೊಟ್ಟೆಯಲ್ಲಿರುವ ಕೂಸಿನ ಕಿಡ್ನಿಗೇ ಕುತ್ತು.

ಬಿಪಿ 140/90ರ ಕೆಳಗಿರಬೇಕು ಎಂಬ ಗಡಿ ಎಲ್ಲರಿಗೂ ಒಂದೇ. ಆ ಗಡಿಗೆ ತಲುಪುವ ದಾರಿ ಮಾತ್ರ ಒಂದೇ ಅಲ್ಲ. ಮಾತ್ರೆ, ಗರ್ಭನಿರೋಧಕ, ಮುಟ್ಟು ನಿಂತ ಮೇಲಿನ ಹಾರ್ಮೋನು, ಗಂಡಸರ ಟೆಸ್ಟೋಸ್ಟಿರಾನ್ ಈ ನಾಲ್ಕರಲ್ಲೂ ಆಯ್ಕೆ ಮಾಡುವಾಗ ಹೆಣ್ಣು-ಗಂಡು ವ್ಯತ್ಯಾಸ ಎಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇವೆ. ಡೋಸುಗಳನ್ನು ಕೊಟ್ಟಿರುವುದು ನಿಮ್ಮ ಚೀಟಿಯನ್ನು ಅರ್ಥ ಮಾಡಿಕೊಂಡು ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲೆಂದು. ನೀವಾಗಿಯೇ ಮಾತ್ರೆ ಬದಲಿಸಬೇಡಿ.

ಒಳಗೆ ನಡೆಯುವುದೇನು

ಬಿಪಿಯನ್ನು ಹಿಡಿದಿಡುವ ಹಾರ್ಮೋನುಗಳ ಒಂದು ಸರಪಳಿ ಇದೆ. ರಕ್ತ ಕಡಿಮೆ ಬರುತ್ತಿದೆ ಎಂದು ಕಿಡ್ನಿಗೆ ಅನಿಸಿದರೆ ಅದು ರೆನಿನ್ ಬಿಡುತ್ತದೆ. ಲಿವರ್ ತಯಾರಿಸಿ ರಕ್ತಕ್ಕೆ ಬಿಟ್ಟಿರುವ ಆಂಜಿಯೊಟೆನ್ಸಿನೋಜೆನ್ ಎಂಬ ಪ್ರೋಟೀನನ್ನು ಈ ರೆನಿನ್ ಕತ್ತರಿಸುತ್ತದೆ. ಆ ತುಣುಕನ್ನು ಎಸಿಇ ಎಂಬ ಕಿಣ್ವ ಮತ್ತೆ ಕತ್ತರಿಸಿದಾಗ ಆಂಜಿಯೊಟೆನ್ಸಿನ್-2 ಆಗುತ್ತದೆ. ಅದು ರಕ್ತನಾಳವನ್ನು ಬಿಗಿಸುತ್ತದೆ, ಜೊತೆಗೆ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರಾನ್ ಹೊರಡಿಸಿ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಬಿಪಿ ಏರುತ್ತದೆ.

ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಈ ಸರಪಳಿಯ ಹಲವು ಕೊಂಡಿಗಳನ್ನು ಸಡಿಲಿಸುತ್ತದೆ. ರೆನಿನ್ ತಗ್ಗುತ್ತದೆ, ಎಸಿಇ ಚುರುಕು ಕಳೆದುಕೊಳ್ಳುತ್ತದೆ, ಆಂಜಿಯೊಟೆನ್ಸಿನ್-2 ಹೋಗಿ ಕೂರುವ ಗ್ರಾಹಕಗಳು ಕಡಿಮೆಯಾಗುತ್ತವೆ. ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿ ನಾಳ ಹಿಗ್ಗುತ್ತದೆ. ಪ್ರೊಜೆಸ್ಟಿರಾನ್ ಆಲ್ಡೋಸ್ಟಿರಾನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಉಪ್ಪನ್ನು ಹೊರಗೆ ಕಳಿಸುತ್ತದೆ. ಟೆಸ್ಟೋಸ್ಟಿರಾನ್ ಹೆಚ್ಚಾಗಿ ಇದಕ್ಕೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ, ರೆನಿನ್ ಚಟುವಟಿಕೆಯನ್ನು ಏರಿಸುತ್ತದೆ. ಹುಡುಗರಿಗೆ ಮೀಸೆ ಮೂಡುವ ವಯಸ್ಸಿನಿಂದಲೇ ಬಿಪಿ ಹುಡುಗಿಯರಿಗಿಂತ ತುಸು ಮೇಲಿರುವುದಕ್ಕೆ ಇದೊಂದು ಕಾರಣ.

ಇಲ್ಲೊಂದು ತಿರುವಿದೆ. ಈಸ್ಟ್ರೊಜೆನ್ ಮಾತ್ರೆಯ ರೂಪದಲ್ಲಿ ಬಾಯಿಂದ ಒಳಹೋದರೆ ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತದೆ. ಅಲ್ಲಿ ಅದರ ಸಾಂದ್ರತೆ ಹೆಚ್ಚು. ಲಿವರ್ ಆಗ ಆಂಜಿಯೊಟೆನ್ಸಿನೋಜೆನನ್ನೂ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಹೆಚ್ಚು ತಯಾರಿಸತೊಡಗುತ್ತದೆ. ಅಂಡಾಶಯದ ಈಸ್ಟ್ರೊಜೆನ್ ಬಿಪಿ ಇಳಿಸುತ್ತಿದ್ದರೆ ನುಂಗಿದ ಈಸ್ಟ್ರೊಜೆನ್ ಬಿಪಿ ಏರಿಸಬಲ್ಲದು. ಮುಂದೆ ಬರುವ ಗರ್ಭನಿರೋಧಕ ಮಾತ್ರೆ, ಮುಟ್ಟು ಮುಂದೂಡುವ ಮಾತ್ರೆ, ಪ್ಯಾಚು-ಜೆಲ್ಲುಗಳ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಇನ್ನು ವಯಸ್ಸು. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ರಕ್ಷಣೆ ಇದೆ ಎಂಬ ಮಾತನ್ನು ಪೂರ್ತಿ ನಂಬಿ ಕೂರಬಾರದು. 2020ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನರ ದಶಕಗಳ ಬಿಪಿ ದಾಖಲೆ ಜೋಡಿಸಿ ನೋಡಿದಾಗ, ಹೆಂಗಸರ ಬಿಪಿ ಕೆಳಗಿನಿಂದ ಹೊರಟರೂ ಇಪ್ಪತ್ತು-ಮೂವತ್ತರ ಹರೆಯದಿಂದಲೇ ಗಂಡಸರಿಗಿಂತ ವೇಗವಾಗಿ ಏರುವುದು ಕಂಡಿತು. ಮುಟ್ಟು ನಿಂತ ಮೇಲೆ ಆ ಏರು ಇನ್ನೂ ಕಡಿದಾಗಿ, ಅರವತ್ತು ದಾಟುವ ಹೊತ್ತಿಗೆ ಗಂಡಸರನ್ನು ಹಿಂದೆ ಹಾಕುತ್ತದೆ. ಉಪ್ಪು ತಿಂದರೆ ಬಿಪಿ ಏರುವ ಗುಣವೂ ಹೆಂಗಸರಲ್ಲಿ ಹೆಚ್ಚು. ನಲವತ್ತೈದರ ಆಚೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿದರೆ ಮನೆಯ ಗಂಡಸಿಗಿಂತ ಹೆಂಗಸಿಗೆ ಲಾಭ ಹೆಚ್ಚು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ.

ಮಾತ್ರೆಗಳು: ಯಾವುದು ಯಾರಿಗೆ ಒಗ್ಗುತ್ತದೆ

ಬಿಪಿ ಇಳಿಸುವ ಶಕ್ತಿಯಲ್ಲಿ ಹೆಣ್ಣು-ಗಂಡಿಗೆ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ಅಡ್ಡ ಪರಿಣಾಮದಲ್ಲಿ. ಜನ ಮಾತ್ರೆ ಬಿಡುವುದೂ ಅಡ್ಡ ಪರಿಣಾಮಕ್ಕೇ. ಹಾಗಾಗಿ ಇದನ್ನು ಚಿಕ್ಕ ವಿಷಯವೆಂದು ನಾವು ತಿಳಿಯುವುದಿಲ್ಲ.

ಅಮ್ಲೋಡಿಪಿನ್. ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೊಡುವುದು ಇದನ್ನೇ, 5 ಮಿ.ಗ್ರಾಂ. ಅಗ್ಗ, ದಿನಕ್ಕೊಂದೇ ಮಾತ್ರೆ, ರಕ್ತ ಪರೀಕ್ಷೆಯ ಗೋಜಿಲ್ಲ. ಮುಖ್ಯ ತೊಂದರೆ ಪಾದದ ಊತ. ಅಮೆರಿಕದ ಲೇಬಲ್‌ನಲ್ಲಿ ದಾಖಲಾದ ಅಂಕಿಯಂತೆ ಊತ ಬಂದದ್ದು ಗಂಡಸರಲ್ಲಿ 5.6%, ಹೆಂಗಸರಲ್ಲಿ 14.6%. ಈ ಮಾತ್ರೆ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಒಳಬರುವ ರಕ್ತ ಹೆಚ್ಚಿ, ಹೊರಹೋಗುವ ದಾರಿ ಮೊದಲಿನಷ್ಟೇ ಇರುವುದರಿಂದ ನೀರು ಪಾದದ ಅಂಗಾಂಶಕ್ಕೆ ಜಿನುಗುತ್ತದೆ. ಸಂಜೆ ಹೊತ್ತಿಗೆ ಕಾಲುಂಗುರ ಬಿಗಿಯಾಗುತ್ತದೆ, ಕಣಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಉಳಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾದದ್ದಲ್ಲವಾದ್ದರಿಂದ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೊಟ್ಟರೆ ಊತ ಅಷ್ಟಾಗಿ ಇಳಿಯದು, ಪೊಟ್ಯಾಸಿಯಂ ಮಾತ್ರ ಇಳಿದೀತು. ಅಮ್ಲೋಡಿಪಿನನ್ನು 10ರಿಂದ 5ಕ್ಕೆ ತರುವುದು, ಅಭಿಧಮನಿಯನ್ನೂ ಹಿಗ್ಗಿಸುವ ಟೆಲ್ಮಿಸಾರ್ಟಾನ್‌ನಂಥದ್ದನ್ನು ಜೊತೆಗೆ ಸೇರಿಸುವುದು ಸರಿಯಾದ ದಾರಿ. ನಮ್ಮ ಅಭಿಪ್ರಾಯದಲ್ಲಿ ಹೆಂಗಸರಿಗೆ ಅಮ್ಲೋಡಿಪಿನ್ 10ಕ್ಕೆ ಹೋಗುವ ಮೊದಲು 5ರ ಜೊತೆ ಎರಡನೇ ಮಾತ್ರೆ ಸೇರಿಸಿ ನೋಡುವುದೇ ಜಾಣತನ. ಒಂದೇ ಕಾಲು ಊದಿದ್ದರೆ, ಏದುಸಿರಿದ್ದರೆ, ಬೆಳಿಗ್ಗೆ ಮುಖವೂ ಊದಿದ್ದರೆ ಅದು ಮಾತ್ರೆಯ ಊತವಲ್ಲ, ಬೇರೆ ಕಾರಣ ಹುಡುಕಬೇಕು.

ಎನಾಲಪ್ರಿಲ್, ರ‍್ಯಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್, ಲೋಸಾರ್ಟಾನ್. ಎರಡೂ ಗುಂಪು ಅದೇ ಸರಪಳಿಯನ್ನು ತುಂಡರಿಸುತ್ತವೆ, ಒಂದು ಎಸಿಇ ಕಿಣ್ವದ ಹಂತದಲ್ಲಿ, ಇನ್ನೊಂದು ಗ್ರಾಹಕದ ಹಂತದಲ್ಲಿ. ಎಸಿಇ ಕಿಣ್ವಕ್ಕೆ ಬ್ರ್ಯಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕೆಲಸವೂ ಇದೆ. ಕಿಣ್ವವನ್ನು ತಡೆದರೆ ಅದು ಶ್ವಾಸನಾಳದಲ್ಲಿ ಕೂಡಿ ಒಣಕೆಮ್ಮು ತರುತ್ತದೆ. ಈ ಕೆಮ್ಮು ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ತುಟಿ-ನಾಲಗೆ ಊದುವ ಅಪಾಯಕಾರಿ ಪ್ರತಿಕ್ರಿಯೆ ಅಪರೂಪ, ಅದೂ ಹೆಂಗಸರಲ್ಲೇ ಹೆಚ್ಚು. ಪ್ರಿಲ್ ಶುರುವಾದ ಕೆಲವು ವಾರದಲ್ಲಿ ಗಂಟಲಲ್ಲಿ ಕಚಗುಳಿಯಿಟ್ಟಂತೆ ಕೆಮ್ಮು ಬಂದರೆ ಸಿರಪ್ಪು, ಆಂಟಿಬಯಾಟಿಕ್ಕು, ಎಕ್ಸ್‌ರೇ ಎಂದು ಸುತ್ತಬೇಡಿ. ಮಾತ್ರೆಯ ಹೆಸರು 'ಪ್ರಿಲ್' ಎಂದು ಮುಗಿಯುತ್ತದೆಯೇ ನೋಡಿ. ನಿಲ್ಲಿಸಿದ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಹೋಗುತ್ತದೆ. ಹೆಂಗಸರಿಗೆ ಮೊದಲೇ ಸಾರ್ಟಾನ್ ಆರಿಸುವುದು ಒಳ್ಳೆಯದೆಂಬುದು ನಮ್ಮ ನಿಲುವು, ಆದರೆ ಬಸಿರಾಗುವ ಸಾಧ್ಯತೆ ಇಲ್ಲದವರಿಗೆ ಮಾತ್ರ. ಎರಡೂ ಗುಂಪಿನ ಮಾತ್ರೆ ಒಟ್ಟಿಗೆ ಬೇಡ. ಶುರು ಮಾಡಿದ 2 ವಾರದಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವುದು), ಪೊಟ್ಯಾಸಿಯಂ ನೋಡಿಸಬೇಕು.

ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್. ಮೂತ್ರ ಹೆಚ್ಚಿಸುವ ಇವನ್ನು ಥಯಾಜೈಡ್ ಗುಂಪು ಎನ್ನುತ್ತಾರೆ. 12.5 ಮಿ.ಗ್ರಾಂನಿಂದ ಶುರು, 25ರ ಮೇಲೆ ಹೋಗುವುದರಿಂದ ಲಾಭ ಕಡಿಮೆ. ಇಲ್ಲಿ ಹೆಣ್ಣು-ಗಂಡಿನ ಲೆಕ್ಕ ಎರಡೂ ಕಡೆ ವಾಲುತ್ತದೆ. ಈ ಮಾತ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಹೋಗುವುದನ್ನು ತಡೆಯುತ್ತದೆ, ಹಾಗಾಗಿ ಮೂಳೆ ಸವೆಯುತ್ತಿರುವ ಹೆಂಗಸಿಗೆ ಅನುಕೂಲ. ಯೂರಿಕ್ ಆಸಿಡ್ ಏರಿಸುತ್ತದೆ, ಹಾಗಾಗಿ ಗೌಟ್ ಇರುವ ಗಂಡಸಿಗೆ ಹೆಬ್ಬೆರಳ ಸಂದು ಕೆಂಪೇರಿ ರಾತ್ರಿಯೆಲ್ಲ ನೋವು. ಗೌಟ್ ಇರುವವರಿಗೆ ಲೋಸಾರ್ಟಾನ್ ಒಳ್ಳೆಯ ಬದಲಿ, ಅದು ಯೂರಿಕ್ ಆಸಿಡನ್ನು ತುಸು ಇಳಿಸುತ್ತದೆ. ಥಯಾಜೈಡ್‌ನಿಂದ ನಿಮಿರುವಿಕೆಯ ತೊಂದರೆಯೂ ಕೆಲವು ಗಂಡಸರಿಗೆ ಬರುತ್ತದೆ.

ಹೆಂಗಸರ ಮಟ್ಟಿಗೆ ನಿಜವಾದ ಅಪಾಯ ಸೋಡಿಯಂ ಇಳಿಯುವುದು. ಅರವತ್ತೈದು ದಾಟಿದ, ಸಣಕಲು ಮೈಯ, ಊಟ ಕಡಿಮೆ ಮಾಡಿ ನೀರು-ಮಜ್ಜಿಗೆ ಜಾಸ್ತಿ ಕುಡಿಯುವ ಅಜ್ಜಿಯನ್ನು ಕಣ್ಣೆದುರು ತಂದುಕೊಳ್ಳಿ. ಮಾತ್ರೆ ಶುರುವಾಗಿ ಎರಡು-ಮೂರು ವಾರ. ಮಂಕು, ವಾಕರಿಕೆ, ಮಾತು ತೊದಲುವುದು, ಬಚ್ಚಲಿಗೆ ಹೋಗುವಾಗ ಬೀಳುವುದು. ಮನೆಯವರು ವಯಸ್ಸಾಯಿತು ಎನ್ನುತ್ತಾರೆ, ಸೋಡಿಯಂ ನೋಡಿಸಿದರೆ 120ರ ಹತ್ತಿರ ಇರುತ್ತದೆ. ಇಂಥವರಿಗೆ ಥಯಾಜೈಡ್ ಬರೆದರೆ 2ರಿಂದ 4 ವಾರದೊಳಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಕಡ್ಡಾಯವೆಂದೇ ತಿಳಿಯಿರಿ. ವಾಂತಿ-ಭೇದಿ ಆದ ದಿನಗಳಲ್ಲಿ ಮಾತ್ರೆ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮೆಟೊಪ್ರೊಲಾಲ್ ಮುಂತಾದ, ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್. ಬಿಪಿ ಒಂದಕ್ಕೇ ಆದರೆ ಇದು ಮೊದಲ ಆಯ್ಕೆಯಲ್ಲ. ಹೃದಯಾಘಾತ ಆಗಿದ್ದವರಿಗೆ, ಎದೆಬಡಿತದ ತೊಂದರೆ ಇರುವವರಿಗೆ ಬೇಕು. ಒಂದೇ ಡೋಸಿಗೆ ಹೆಂಗಸರ ರಕ್ತದಲ್ಲಿ ಮೆಟೊಪ್ರೊಲಾಲ್ ಮಟ್ಟ ಗಂಡಸರಿಗಿಂತ ಹೆಚ್ಚಾಗುತ್ತದೆ. ಖಿನ್ನತೆಗೆ ಫ್ಲೂಒಕ್ಸೆಟಿನ್ ಅಥವಾ ಪ್ಯಾರೊಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಏರುತ್ತದೆ. ನಾಡಿ 50ರ ಕೆಳಗೆ ಇಳಿದರೆ, ಮೆಟ್ಟಿಲು ಹತ್ತಲಾರದ ಸುಸ್ತಾದರೆ ಡೋಸ್ ಇಳಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು. ಥಟ್ಟನೆ ನಿಲ್ಲಿಸುವಂತಿಲ್ಲ.

ಸ್ಪೈರೊನೊಲ್ಯಾಕ್ಟೋನ್. ಮೂರು ಮಾತ್ರೆಗೂ ಬಗ್ಗದ ಬಿಪಿಗೆ ನಾಲ್ಕನೆಯದಾಗಿ ಇದರಷ್ಟು ಕೆಲಸ ಮಾಡುವುದು ಕಡಿಮೆ. 2015ರಲ್ಲಿ ಬಂದ ಬ್ರಿಟನ್ನಿನ ಪಾತ್‌ವೇ-2 ಪ್ರಯೋಗ ಇದನ್ನು ತೋರಿಸಿತು. 25 ಮಿ.ಗ್ರಾಂ ಸಾಕು. ಆದರೆ ಇದು ಆಲ್ಡೋಸ್ಟಿರಾನ್ ಜೊತೆಗೆ ಟೆಸ್ಟೋಸ್ಟಿರಾನ್‌ನ ಗ್ರಾಹಕವನ್ನೂ ತಡೆಯುತ್ತದೆ. ಗಂಡಸರಿಗೆ ಎದೆಯ ತೊಟ್ಟಿನ ಹಿಂದೆ ಗಂಟು ಕಟ್ಟಿ ನೋಯುತ್ತದೆ, ಹೃದಯ ಸೋತವರ ಮೇಲೆ ನಡೆದ ರೇಲ್ಸ್ ಪ್ರಯೋಗದಲ್ಲಿ ನೂರಕ್ಕೆ ಹತ್ತು ಗಂಡಸರಿಗೆ ಹೀಗಾಯಿತು. ನಾಚಿಕೆಯಿಂದ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿದರೆ ಎಪ್ಲರಿನೋನ್‌ಗೆ ಬದಲಿಸಬಹುದು, ಅದಕ್ಕೆ ಈ ದೋಷ ಬಹಳ ಕಡಿಮೆ. ಪಿಸಿಓಎಸ್ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದ್ದು ಮುಖದ ಮೇಲೆ ಕೂದಲು, ಜೊತೆಗೆ ಬಿಪಿ ಇರುವ ಹೆಣ್ಣುಮಗಳಿಗೆ ಇದೇ ಗುಣ ವರವಾಗುತ್ತದೆ. ಗಂಡು ಭ್ರೂಣದ ಬೆಳವಣಿಗೆ ಕೆಡಿಸಬಲ್ಲದಾದ್ದರಿಂದ ನಂಬಿಕಸ್ತ ಗರ್ಭನಿರೋಧಕ ಜೊತೆಗಿರಲೇಬೇಕು. ಪೊಟ್ಯಾಸಿಯಂ ಪರೀಕ್ಷೆ ಮೊದಲ ವಾರ, ನಂತರ ನಾಲ್ಕನೇ ವಾರ. ದಿನಾ ಎಳನೀರು ಕುಡಿಯುವವರು, 'ಲೋ ಸೋಡಿಯಂ' ಉಪ್ಪು ಬಳಸುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಆ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್.

ಪ್ರಜೋಸಿನ್, ಡಾಕ್ಸಜೋಸಿನ್. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ತಡೆತಡೆದು ಬರುವ ಗಂಡಸಿಗೆ ಬಿಪಿಯ ಜೊತೆ ಅದೂ ಸರಿಹೋಗುತ್ತದೆ. ಹೆಂಗಸರಿಗೆ ಇದೇ ಗುಣ ಕೆಮ್ಮಿದಾಗ, ನಕ್ಕಾಗ ಮೂತ್ರ ಜಾರುವಂತೆ ಮಾಡುತ್ತದೆ. ಹೆರಿಗೆಯಾದ ಹೆಂಗಸಿಗೆ ಈ ತೊಂದರೆ ಹೊಸದಾಗಿ ಶುರುವಾದರೆ ಮಾತ್ರೆಯ ಪಟ್ಟಿ ನೋಡಿ. ಯಾರಿಗೇ ಆದರೂ ಒಂಟಿಯಾಗಿ ಮೊದಲ ಮಾತ್ರೆಯಾಗಿ ಬೇಡ. ಆಲ್‌ಹ್ಯಾಟ್ ಎಂಬ ದೊಡ್ಡ ಪ್ರಯೋಗದಲ್ಲಿ ಹೃದಯ ಸೋಲುವುದು ದ್ವಿಗುಣವಾಗಿ ಡಾಕ್ಸಜೋಸಿನ್ ಗುಂಪನ್ನು 2000ದಲ್ಲಿ ನಿಲ್ಲಿಸಬೇಕಾಯಿತು.

ಮಗು ಬೇಕೆನ್ನುವವರು, ಬಸುರಿ, ಬಾಣಂತಿ

ಹದಿನೆಂಟರಿಂದ ನಲವತ್ತೈದರ ಹೆಣ್ಣಿಗೆ ಬಿಪಿ ಮಾತ್ರೆ ಬರೆಯುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದು: ಮಗುವಿನ ಯೋಚನೆ ಇದೆಯೇ, ಇಲ್ಲದಿದ್ದರೆ ಏನು ಬಳಸುತ್ತಿದ್ದೀರಿ? ಕೇಳದಿದ್ದರೆ ನೀವೇ ಹೇಳಿ. ಪ್ರಿಲ್, ಸಾರ್ಟಾನ್ ಎರಡೂ ಮೂರನೇ ತಿಂಗಳ ನಂತರ ಭ್ರೂಣದ ಕಿಡ್ನಿಯನ್ನು ಕೆಡಿಸುತ್ತವೆ. ಕೂಸಿನ ಮೂತ್ರವೇ ಗರ್ಭದ ನೀರಿನ ಬಹುಪಾಲು, ಅದು ಬತ್ತಿ ಶ್ವಾಸಕೋಶ ಬೆಳೆಯುವುದಿಲ್ಲ. ಯೋಜನೆ ಇದ್ದರೆ ಮೊದಲೇ ಮಾತ್ರೆ ಬದಲಿಸಬೇಕು. ಗೊತ್ತಿಲ್ಲದೆ ಬಸಿರಾಗಿದ್ದರೆ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ಡಾಕ್ಟರಿಗೆ ತಿಳಿಸಿ ಬದಲಿಸಿಕೊಳ್ಳಬೇಕು. ಆರಂಭದ ವಾರಗಳಲ್ಲಿ ನುಂಗಿದ್ದಕ್ಕೇ ಹೆದರಿ ಗರ್ಭ ತೆಗೆಸುವ ಅಗತ್ಯವಿಲ್ಲ. 18ರಿಂದ 20ನೇ ವಾರದ ಸ್ಕ್ಯಾನ್ ಜಾಗರೂಕತೆಯಿಂದ ಮಾಡಿಸಿದರೆ ಸಾಕು. ಈ ಮಾತನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಭಯದಲ್ಲಿ ಕೈಗೊಂಡ ತೀರ್ಮಾನವನ್ನು ಹಿಂದಕ್ಕೆ ತರಲಾಗದು.

ಬಸಿರಲ್ಲಿ ರೆನಿನ್, ಆಲ್ಡೋಸ್ಟಿರಾನ್ ಎರಡೂ ಏರುತ್ತವೆ, ರಕ್ತದ ನೀರಿನ ಅಂಶ 40ರಿಂದ 50% ಹೆಚ್ಚುತ್ತದೆ. ಆದರೂ ನಾಳಗಳು ಹಿಗ್ಗಿ ನಡುವಿನ ತಿಂಗಳುಗಳಲ್ಲಿ ಬಿಪಿ ಇಳಿಯುತ್ತದೆ. ಐದನೇ ತಿಂಗಳಲ್ಲಿ 130/86 ಎಂಬುದು ಬಸಿರಲ್ಲದವಳ 130/86ಕ್ಕೆ ಸಮವಲ್ಲ, ಮೊದಲ ಭೇಟಿಯಲ್ಲಿ ಎಷ್ಟಿತ್ತೆಂದು ತಾಯಿ ಕಾರ್ಡ್ ತೆರೆದು ಹೋಲಿಸಿ.

ಬಸುರಿಗೆ ಇರುವ ಆಯ್ಕೆ ಮೂರು. ಲ್ಯಾಬೆಟಲಾಲ್ 100 ಮಿ.ಗ್ರಾಂ ದಿನಕ್ಕೆರಡು ಬಾರಿಯಿಂದ ಶುರು, ಅಸ್ತಮಾ ಇರುವವರಿಗೆ ಬೇಡ. ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್, ತಲೆನೋವು-ಮುಖ ಬಿಸಿಯೇರುವುದು ಇದರ ದೋಷ. ಮೀಥೈಲ್‌ಡೋಪಾ 250 ಮಿ.ಗ್ರಾಂ ದಿನಕ್ಕೆ ಎರಡು-ಮೂರು ಬಾರಿ, ಹಳೆಯದು, ಕೂಸಿಗೆ ಸುರಕ್ಷಿತ, ಆದರೆ ತೂಕಡಿಕೆ, ಮಂಕು. ಬಿಪಿ 160/110 ಮುಟ್ಟಿದ ತುರ್ತಿನಲ್ಲಿ ಬಾಯಿಂದ ಕೊಡುವ ಮಾತ್ರೆಗಳಲ್ಲಿ ಯಾವುದು ಮೇಲು ಎಂದು ನಾಗಪುರದ ಎರಡು ಸರಕಾರಿ ಆಸ್ಪತ್ರೆಗಳಲ್ಲಿ 894 ಹೆಂಗಸರ ಮೇಲೆ ನೋಡಿದ್ದಾರೆ, 2019ರಲ್ಲಿ ಪ್ರಕಟವಾಯಿತು. ಆರು ಗಂಟೆಯೊಳಗೆ ಹದಕ್ಕೆ ಬಂದದ್ದು ನಿಫೆಡಿಪಿನ್‌ನಲ್ಲಿ 84%, ಲ್ಯಾಬೆಟಲಾಲ್‌ನಲ್ಲಿ 77%, ಮೀಥೈಲ್‌ಡೋಪಾದಲ್ಲಿ 76%. ಡ್ರಿಪ್ ಹಾಕಲು ನರ್ಸ್ ಇಲ್ಲದ ಕಡೆಯೂ ಕೈಕಟ್ಟಿ ಕೂರಬೇಕಿಲ್ಲ ಎಂಬುದು ಇದರ ಅರ್ಥ. ಅಟೆನಲಾಲ್ ಬೇಡ, ಕೂಸಿನ ಬೆಳವಣಿಗೆ ಕುಂಠಿತವಾಗುತ್ತದೆ.

ಹಿಂದಿನ ಬಸಿರಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿದ್ದವರು (ಇದನ್ನೇ ಪ್ರಿಎಕ್ಲಾಂಪ್ಸಿಯಾ ಎನ್ನುವುದು), ಅವಳಿ ಹೊತ್ತವರು, ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇರುವವರು 12ನೇ ವಾರದಿಂದಲೇ ಆಸ್ಪಿರಿನ್ ಬಗ್ಗೆ ಕೇಳಬೇಕು. ರಾತ್ರಿ 150 ಮಿ.ಗ್ರಾಂ, 36ನೇ ವಾರದವರೆಗೆ. 2017ರ ಆಸ್ಪ್ರೆ ಪ್ರಯೋಗದಲ್ಲಿ ದಿನ ತುಂಬುವ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ ಇದರಿಂದ 62% ಕಡಿಮೆಯಾಯಿತು. ಏಳನೇ ತಿಂಗಳಲ್ಲಿ ಶುರು ಮಾಡಿದರೆ ಪ್ರಯೋಜನವಿಲ್ಲ, ಮಾಸು ಬೇರೂರುವ ಹೊತ್ತು ಮುಗಿದಿರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ, ಒಂದು ಇನ್ನೊಂದನ್ನು ಮೈಗೆ ಹತ್ತಗೊಡದು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಬಲ ಪಕ್ಕೆಯ ಕೆಳಗೆ ನೋವು ಇದ್ದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಹೆರಿಗೆಯಾಯಿತು, ಇನ್ನೇನು ಭಯವಿಲ್ಲ ಎಂದು ಮಾತ್ರೆ ನಿಲ್ಲಿಸುವುದೇ ದೊಡ್ಡ ತಪ್ಪು. ಬಿಪಿ ಅತಿ ಎತ್ತರಕ್ಕೆ ಹೋಗುವುದು ಹೆರಿಗೆಯ 3ರಿಂದ 6ನೇ ದಿನ, ಅಂದರೆ ಬಾಣಂತಿ ಮನೆಗೆ ಬಂದು ಎಣ್ಣೆನೀರು ಹಾಕಿಸಿಕೊಳ್ಳುವ ಹೊತ್ತಿಗೆ. ಆ ದಿನಗಳಲ್ಲಿ ಬಿಪಿ ನೋಡುವವರಿರಬೇಕು. ಬಸಿರಲ್ಲಿ ನಿಷಿದ್ಧವಾಗಿದ್ದ ಎನಾಲಪ್ರಿಲ್ ಹಾಲುಣಿಸುವಾಗ ಸರಿ, ಅಮ್ಲೋಡಿಪಿನ್, ನಿಫೆಡಿಪಿನ್, ಲ್ಯಾಬೆಟಲಾಲ್ ಕೂಡ ಸರಿ. ಮೀಥೈಲ್‌ಡೋಪಾವನ್ನು ಬದಲಿಸುವುದು ಒಳ್ಳೆಯದು, ಬಾಣಂತಿಯ ಮನಸ್ಸು ಮೊದಲೇ ಕುಗ್ಗಿರುವ ಕಾಲ ಅದು. ಹಾಲು ನಿಲ್ಲಿಸಲು ಬ್ರೋಮೊಕ್ರಿಪ್ಟಿನ್ ಬೇಡ. ಬಸಿರಿನ ಬಿಪಿ ಇಳಿದುಹೋದವರೂ ಜೀವನವಿಡೀ ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು. ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು.

ಗರ್ಭನಿರೋಧಕ: ಬಿಪಿ ಇರುವವರಿಗೆ ಯಾವುದು

ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವುದನ್ನೇ ಮೊದಲು ಹೋಲಿಸೋಣ.

- ಮಾಲಾ-ಎನ್: ದಿನಾ ನುಂಗುವ ಮಾತ್ರೆ. ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿ.ಗ್ರಾಂ. ಬಿಪಿ 140/90 ದಾಟಿದ್ದರೆ ಬೇರೆ ದಾರಿ ಹುಡುಕಿ, 160/100 ದಾಟಿದ್ದರೆ ಬೇಡವೇ ಬೇಡ. ಮಾತ್ರೆಯಿಂದ ಹತೋಟಿಯಲ್ಲಿದ್ದರೂ ಇದು ಒಳ್ಳೆಯ ಆಯ್ಕೆಯಲ್ಲ.
- ಅಂತರಾ: ಮೂರು ತಿಂಗಳಿಗೊಮ್ಮೆ 150 ಮಿ.ಗ್ರಾಂ ಚುಚ್ಚುಮದ್ದು, ಪ್ರೊಜೆಸ್ಟಿನ್ (ಪ್ರೊಜೆಸ್ಟಿರಾನ್‌ನಂಥ ಹಾರ್ಮೋನು) ಮಾತ್ರ, ಈಸ್ಟ್ರೊಜೆನ್ ಇಲ್ಲ. 160/100ರ ಕೆಳಗಿದ್ದರೆ ಸಾಮಾನ್ಯವಾಗಿ ಆಗುತ್ತದೆ, ಮೇಲಿದ್ದರೆ ಬೇರೆಯದು ಉತ್ತಮ.
- ಛಾಯಾ: ಲಕ್ನೋದ ಸಿಡಿಆರ್‌ಐನಲ್ಲಿ ಕಂಡುಹಿಡಿದ ಸೆಂಟ್‌ಕ್ರೋಮನ್ 30 ಮಿ.ಗ್ರಾಂ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇದರಲ್ಲಿ ಈಸ್ಟ್ರೊಜೆನ್ ಇಲ್ಲ. ಮುಟ್ಟು ತಡವಾಗುವುದು ಸಾಮಾನ್ಯ. ಪಿಸಿಓಎಸ್, ಲಿವರ್ ತೊಂದರೆ ಇರುವವರಿಗೆ ಹೊಂದದು.
- ವಂಕಿ, ಅಂದರೆ ಕಾಪರ್-ಟಿ: ಹಾರ್ಮೋನೇ ಇಲ್ಲ. 380-ಎ ಹತ್ತು ವರ್ಷ, 375 ಐದು ವರ್ಷ. ಬಿಪಿ ಎಷ್ಟೇ ಇರಲಿ ಅಡ್ಡಿಯಿಲ್ಲ. ಮುಟ್ಟಿನ ಸ್ರಾವ ಹೆಚ್ಚಾಗಬಹುದು, ರಕ್ತಹೀನತೆ ಇದ್ದರೆ ಯೋಚಿಸಬೇಕು.

ಬಿಪಿ ಇರುವ, ಮುಟ್ಟಿನ ಸ್ರಾವ ಹದವಾಗಿರುವ ಹೆಣ್ಣಿಗೆ ನಮ್ಮ ಮೊದಲ ಆಯ್ಕೆ ವಂಕಿ. ಸ್ರಾವ ಜಾಸ್ತಿಯಿದ್ದರೆ, ಖಾಸಗಿಯಲ್ಲಿ ಹಣ ಕೊಡಲಾದರೆ, ಲೆವೊನಾರ್ಜೆಸ್ಟ್ರೆಲ್ ಬಿಡುವ ವಂಕಿ. ಬಿಪಿ ಇಲ್ಲದೆ ಮಾಲಾ-ಎನ್ ಥರದ್ದನ್ನು ಶುರು ಮಾಡುವವರು ಮೊದಲೊಮ್ಮೆ, ಮೂರು ತಿಂಗಳಾದಾಗ ಒಮ್ಮೆ, ನಂತರ ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು. ಏರಿದ್ದರೆ ಬಿಪಿ ಮಾತ್ರೆ ಸೇರಿಸುವ ಬದಲು ಈ ಮಾತ್ರೆ ನಿಲ್ಲಿಸಿ, ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಮೊದಲಿನಂತಾಗುತ್ತದೆ. ಡ್ರೊಸ್ಪಿರೆನೋನ್ ಇರುವ ಗರ್ಭನಿರೋಧಕ ಮಾತ್ರೆಗಳು ಸ್ಪೈರೊನೊಲ್ಯಾಕ್ಟೋನ್ ಬಳಗದವು, 3 ಮಿ.ಗ್ರಾಂ ಸುಮಾರು 25 ಮಿ.ಗ್ರಾಂ ಸ್ಪೈರೊನೊಲ್ಯಾಕ್ಟೋನ್‌ಗೆ ಸಮ. ಟೆಲ್ಮಿಸಾರ್ಟಾನ್ ಜೊತೆ ತೆಗೆದುಕೊಂಡರೆ ಪೊಟ್ಯಾಸಿಯಂ ನೋಡಿಸಲೇಬೇಕು.

ಗೃಹಪ್ರವೇಶ, ಮದುವೆ, ತಿರುಪತಿ ಯಾತ್ರೆ ಎಂದು ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವ ಮುಟ್ಟು ಮುಂದೂಡುವ ಮಾತ್ರೆಯನ್ನು ಯಾರೂ ಹಾರ್ಮೋನೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ನಾರ್‌ಎಥಿಸ್ಟಿರಾನ್ 5 ಮಿ.ಗ್ರಾಂ, ದಿನಕ್ಕೆ ಮೂರು. ಮೈಯೊಳಗೆ ಅದರ ಒಂದು ಸಣ್ಣ ಪಾಲು ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ದಿನಕ್ಕೆ 15 ಮಿ.ಗ್ರಾಂ ನುಂಗುವಾಗ ಅದು ಗರ್ಭನಿರೋಧಕ ಮಾತ್ರೆಯಷ್ಟೇ ಆಗಬಹುದು. ಬಿಪಿ, ಅರೆತಲೆನೋವಿನ ಜೊತೆ ಕಣ್ಣಲ್ಲಿ ಮಿಂಚು, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇವುಗಳಲ್ಲಿ ಒಂದಿದ್ದರೂ ಡಾಕ್ಟರನ್ನು ಕೇಳದೆ ಬೇಡ. ಮೆಡ್ರಾಕ್ಸಿಪ್ರೊಜೆಸ್ಟಿರಾನ್ 10 ಮಿ.ಗ್ರಾಂ ದಿನಕ್ಕೆ ಮೂರು ಎಂಬ ಬದಲಿ ಇದೆ, ಅದು ಹಾಗೆ ಈಸ್ಟ್ರೊಜೆನ್ ಆಗುವುದಿಲ್ಲ.

ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಸಿಡ್ ನುಂಗುವವರೂ ಗಮನಿಸಿ. ಇದು, ಡೈಕ್ಲೊಫೆನಾಕ್, ಐಬುಪ್ರೊಫೆನ್ ಎಲ್ಲವೂ ಉಪ್ಪು ಹಿಡಿದಿಟ್ಟು ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್, ಥಯಾಜೈಡ್, ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ಮತ್ತು ಬಿಸಿನೀರ ಶಾಖದಲ್ಲಿ ತಡೆಯಲಾದರೆ ಅದೇ ಒಳ್ಳೆಯದು.

ಮುಟ್ಟು ನಿಂತ ಮೇಲೆ: ನುಂಗುವುದೋ, ಹಚ್ಚುವುದೋ

ಭಾರತದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಆಸುಪಾಸು. ಮೈ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು ತಡೆಯಲಾರದಷ್ಟಾದರೆ ಹಾರ್ಮೋನ್ ಚಿಕಿತ್ಸೆ ಕೊಡುತ್ತಾರೆ. ಬಿಪಿ ಇಳಿಸಲೆಂದು ಅದನ್ನು ಕೊಡುವುದಿಲ್ಲ. ಬಿಪಿ ಇರುವವರು ಹಾರ್ಮೋನು ತೆಗೆದುಕೊಳ್ಳಲೇಬಾರದು ಎಂದೂ ಇಲ್ಲ, ಮೊದಲು ಬಿಪಿ ಹದಕ್ಕೆ ತಂದುಕೊಂಡು, ಹಾರ್ಮೋನು ಮೈಗೆ ಸೇರುವ ಸರಿಯಾದ ದಾರಿಯನ್ನು ಆರಿಸಬೇಕು.

ಕೆನಡಾದ ಆಲ್ಬರ್ಟಾದಲ್ಲಿ 45 ದಾಟಿದ 1,12,240 ಹೆಂಗಸರ ದಾಖಲೆ ನೋಡಿ 2023ರಲ್ಲಿ ಪ್ರಕಟಿಸಿದ್ದಾರೆ. ಈಸ್ಟ್ರೊಜೆನ್ ನುಂಗಿದವರಲ್ಲಿ ಬಿಪಿ ಕಾಯಿಲೆ ಬರುವ ಸಾಧ್ಯತೆ ಚರ್ಮಕ್ಕೆ ಹಚ್ಚಿದವರಿಗಿಂತ 14%, ಯೋನಿಯಲ್ಲಿ ಬಳಸಿದವರಿಗಿಂತ 19% ಹೆಚ್ಚು. ಚರ್ಮದ ಮೂಲಕ ಹೋದದ್ದು ಮೊದಲು ಲಿವರ್ ಮುಟ್ಟುವುದಿಲ್ಲ ಎಂಬ ಆ ಹಳೆಯ ಲೆಕ್ಕವೇ ಇಲ್ಲಿಯೂ. ಆದ್ದರಿಂದ ಬಿಪಿ ಇರುವವರಿಗೆ ಜೆಲ್ ಅಥವಾ ಪ್ಯಾಚ್. ಜೆಲ್ಲನ್ನು ತೋಳು ಅಥವಾ ತೊಡೆಯ ಒಣ ಚರ್ಮಕ್ಕೆ ತೆಳುವಾಗಿ ಸವರಿ, ಆರುವವರೆಗೆ ಬಟ್ಟೆ ಮುಚ್ಚಬೇಡಿ, ಮೊಮ್ಮಕ್ಕಳ ಚರ್ಮಕ್ಕೆ ತಾಕಿಸಬೇಡಿ. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದೇ ಕೊಟ್ಟರೆ ಒಳಪದರದ ಕ್ಯಾನ್ಸರ್ ಅಪಾಯ, ಪ್ರೊಜೆಸ್ಟಿರಾನ್ ಬೇಕೇ ಬೇಕು. ಮೈಕ್ರೊನೈಸ್ಡ್ ಪ್ರೊಜೆಸ್ಟಿರಾನ್ 100 ಮಿ.ಗ್ರಾಂ ರಾತ್ರಿ ಮಲಗುವಾಗ ತೆಗೆದುಕೊಂಡರೆ ಬಿಪಿ ಏರುವುದಿಲ್ಲ, ನಿದ್ದೆಯೂ ಬರುತ್ತದೆ. ಶುರು ಮಾಡುವುದಾದರೆ ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ. ಯೋನಿಯ ಒಣಗು, ಉರಿಮೂತ್ರ ಮಾತ್ರ ತೊಂದರೆಯಾದರೆ ಅಲ್ಲಿಗೇ ಹಚ್ಚುವ ಕ್ರೀಮ್ ಸಾಕು, ಬಿಪಿಯ ಚಿಂತೆ ಬೇಡ. ಹಾರ್ಮೋನು ಬೇಡವೆಂದು ಖಿನ್ನತೆಯ ಮಾತ್ರೆಯಾದ ವೆನ್ಲಫ್ಯಾಕ್ಸಿನ್ ತೆಗೆದುಕೊಳ್ಳುವವರಿಗೆ ಅದೇ ಬಿಪಿ ಏರಿಸಬಲ್ಲದು, ಶುರುವಾದ ಮೇಲೆ ನೋಡಿಕೊಳ್ಳಬೇಕು.

ಗಂಡಸರ ಟೆಸ್ಟೋಸ್ಟಿರಾನ್

ಸುಸ್ತಿಗೆ, ಆಸಕ್ತಿ ಕುಂದಿದ್ದಕ್ಕೆ, ಜಿಮ್ಮಿಗೆ ಎಂದು ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುವವರು ಹೆಚ್ಚುತ್ತಿದ್ದಾರೆ. ಬೆಳಿಗ್ಗೆ ತೆಗೆದ ರಕ್ತದಲ್ಲಿ ಎರಡು ಬೇರೆ ದಿನ ಕಡಿಮೆ ಬಂದಿರದಿದ್ದರೆ ಶುರು ಮಾಡುವ ಮಾತೇ ಇಲ್ಲ. ನುಂಗುವ ಟೆಸ್ಟೋಸ್ಟಿರಾನ್ ಅಂಡೆಕನೊಯೇಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟದ್ದೇ ಬಿಪಿ ಏರುವ ಎಚ್ಚರಿಕೆಯನ್ನು ಪೆಟ್ಟಿಗೆ ಕಟ್ಟಿ ಮೇಲೆ ಬರೆಸಿದ ಮೇಲೆ. ಚುಚ್ಚುಮದ್ದಿನಲ್ಲಿ ಕೆಂಪು ಕಣಗಳು ಹೆಚ್ಚಿ ರಕ್ತ ಗಟ್ಟಿಯಾಗುತ್ತದೆ, ಹಿಮಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 54% ದಾಟಿದರೆ ನಿಲ್ಲಿಸಬೇಕು. ಬಿಪಿ ಇರುವವರಿಗೆ ಜೆಲ್ ಇದ್ದುದರಲ್ಲಿ ಹಗುರ, ಪ್ರಮಾಣ ಸಣ್ಣದರಿಂದ ಶುರು ಮಾಡಬಹುದು. ಜಿಮ್ಮಿನಲ್ಲಿ ಕೈಯಿಂದ ಕೈಗೆ ಬರುವ ಸ್ಟಿರಾಯ್ಡುಗಳು ಈ ಹೋಲಿಕೆಗೇ ಸೇರುವುದಿಲ್ಲ, ಅವನ್ನು ಮುಟ್ಟಬೇಡಿ.

ಗೊರಕೆ, ದೊಡ್ಡ ಹೊಟ್ಟೆ, ಹಗಲು ತೂಕಡಿಕೆ ಮೂರೂ ಇದ್ದರೆ ಮೊದಲು ನಿದ್ದೆಯ ಉಸಿರುಗಟ್ಟುವಿಕೆ ಪರೀಕ್ಷಿಸಿ. ಬಿಪಿ ಏರುವುದಕ್ಕೂ ಟೆಸ್ಟೋಸ್ಟಿರಾನ್ ಇಳಿಯುವುದಕ್ಕೂ ಅದೇ ಮೂಲವಾಗಿರಬಹುದು. ನಿಮಿರುವಿಕೆಗೆ ಸಿಲ್ಡೆನಾಫಿಲ್ ತೆಗೆದುಕೊಳ್ಳುವವರು ಎದೆನೋವಿಗೆ ನೈಟ್ರೇಟ್ ಮಾತ್ರೆ ಇಟ್ಟುಕೊಂಡಿದ್ದರೆ ಎರಡೂ ಕೂಡದು, ಬಿಪಿ ಪಾತಾಳಕ್ಕಿಳಿಯುತ್ತದೆ.

ಅಳೆಯುವಾಗ

ಮೇಲಿನ ಆಯ್ಕೆಗಳೆಲ್ಲ ಒಂದು ಸಂಖ್ಯೆಯ ಮೇಲೆ ನಿಂತಿವೆ, ಆ ಸಂಖ್ಯೆಯೇ ತಪ್ಪಾಗುವುದು ಹೆಂಗಸರಲ್ಲಿ ಹೆಚ್ಚು. ಮೈಗಂಟಿದ ರವಿಕೆಯ ತೋಳನ್ನು ಮೇಲಕ್ಕೆ ಸುತ್ತಿ ಮಡಚಿದರೆ ಅದು ಬಳೆಯಂತೆ ತೋಳನ್ನು ಬಿಗಿದು ಲೆಕ್ಕ ಕೆಡಿಸುತ್ತದೆ. ಪಟ್ಟಿ ಕಟ್ಟುವುದು ಬರಿ ತೋಳಿಗೆ, ಹಾಗಾಗಿ ಆ ದಿನ ಸಡಿಲ ತೋಳಿನ ರವಿಕೆ ಅಥವಾ ನೈಟಿ ಹಾಕಿಕೊಂಡು ಹೋಗಿ.

ಪಟ್ಟಿಯ ಅಳತೆಯೂ ಮುಖ್ಯ. ಮೊಣಕೈಗೂ ಭುಜಕ್ಕೂ ನಡುವೆ ಟೇಪ್ ಹಿಡಿದು ಸುತ್ತಳತೆ ನೋಡಿ. 22ರಿಂದ 26 ಸೆಂ.ಮೀ. ಇದ್ದರೆ ಸಣ್ಣ ಪಟ್ಟಿ, 27ರಿಂದ 34 ಮಾಮೂಲಿ, 35ರಿಂದ 44 ದೊಡ್ಡದು. ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿಯದು ಕಟ್ಟಿದರೆ ಮೇಲಿನ ಸಂಖ್ಯೆ ಸುಮಾರು 5 ಹೆಚ್ಚು ತೋರಿಸುತ್ತದೆ. ಸಣ್ಣ ತೋಳಿಗೆ ಮಾಮೂಲಿಯದು ಕಟ್ಟಿದರೆ 3-4 ಕಡಿಮೆ. ಸಣಕಲು ಬಸುರಿಯ 138/88 ನಿಜಕ್ಕೂ 142 ಆಗಿರಬಹುದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮೂತ್ರಕ್ಕೆ ಹೋಗಿಬಂದು ಕೂರಬೇಕು. ಒಂದು ನಿಮಿಷ ಬಿಟ್ಟು ಎರಡು ಬಾರಿ, ಬೆಳಿಗ್ಗೆ ಮಾತ್ರೆಗೆ ಮೊದಲು, ರಾತ್ರಿ ಮಲಗುವ ಮೊದಲು, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ, ಮನೆಯ ಲೆಕ್ಕದಲ್ಲಿ ಗಡಿ 135/85. ಅದೇ ಹಾಳೆಯಲ್ಲಿ ಕೊನೆಯ ಮುಟ್ಟಿನ ದಿನಾಂಕ, ಬಳಸುತ್ತಿರುವ ಗರ್ಭನಿರೋಧಕ ಅಥವಾ ಹಾರ್ಮೋನು, ಹಿಂದಿನ ಬಸಿರಿನ ಬಿಪಿ, ಗಂಡಸಾದರೆ ಟೆಸ್ಟೋಸ್ಟಿರಾನ್, ಪ್ರಾಸ್ಟೇಟ್, ಗೌಟ್ ಮಾತ್ರೆಗಳು, ಇವಿಷ್ಟನ್ನು ಬರೆದು ಡಾಕ್ಟರ ಮುಂದಿಡಿ.